ಸುಮ್ಮನೆ ಬಂದ ಕಾಫಿ

ನಮ್ಮ ಆಫೀಸಲ್ಲಿ ಯಾರಾದರೂ ಕೇಳದೆ ನನಗೆ ಕಾಫಿ ತಂದುಕೊಟ್ಟರೆ, ಏನೋ ಅಳಿಸಿಹೋಗಿದೆ ಅಂತಲೇ ಅರ್ಥ. ಡೇಟಾಬೇಸ್ ಕಾಯುವವಳ ಮೇಲೆ ಸುಮ್ಮಸುಮ್ಮನೆ ಯಾರಿಗೂ ಪ್ರೀತಿ ಉಕ್ಕುವುದಿಲ್ಲ. ಹಿಂದಿನ ಸಲ ಜೊತೆಗೆ ಬಿಸ್ಕತ್ತೂ ಬಂದಿತ್ತು. ಅರ್ಧ ಗಿರಾಕಿಗಳ ವಿಳಾಸವೇ ಮಾಯವಾಗಿತ್ತು.

ಹಾಗಾಗಿ ಇವತ್ತು ಬೆಳಿಗ್ಗೆ ರಿಪೋರ್ಟ್ ವಿಭಾಗದವನು ಹಲ್ಲು ಕಿರಿಯುತ್ತಾ ಲೋಟ ತಂದಿಟ್ಟಾಗ ನಾನು ಅದನ್ನು ಮುಟ್ಟದೆ ನೇರವಾಗಿ ಕೇಳಿದೆ.

"ಏನು ಮಾಡಿಟ್ಟೆ? ಬಾಯಿ ಬಿಡು."

"ಅಯ್ಯೋ, ಏನೂ ಇಲ್ಲ ಮೇಡಂ."

ಏನೂ ಇಲ್ಲ ಅನ್ನುವವರನ್ನು ನಾನು ಮೊದಲೇ ನಂಬಲ್ಲ. ಅವನನ್ನು ಅಲ್ಲೇ ನಿಲ್ಲಿಸಿಕೊಂಡು ಡೇಟಾಬೇಸಿನ ಪಟ್ಟಿಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಎಲ್ಲ ಇದ್ದಲ್ಲೇ ಇತ್ತು. ಬ್ಯಾಕಪ್ಪೂ ಸರಿಯಾಗಿತ್ತು. ಅಷ್ಟರಲ್ಲಿ ಕಾಫಿ ಆರಿ ಕೆನೆಗಟ್ಟಿತ್ತು.

"ಇವತ್ತು ನಿಮ್ಮ ಹುಟ್ಟಿದಹಬ್ಬ ಅಲ್ವಾ ಮೇಡಂ, ಅದಕ್ಕೇ ತಂದೆ" ಅಂದ, ಮುಖ ಸಣ್ಣದು ಮಾಡಿಕೊಂಡು.

ಮನೆಯಲ್ಲಿ ಗಂಡನಿಗೇ ನೆನಪಿರಲಿಲ್ಲ. ನಾಚಿಕೆಯಾಗಿ ತಣ್ಣನೆಯ ಕಾಫಿಯನ್ನೇ ಒಂದು ಗುಟುಕು ಕುಡಿದೆ. ಅದು ಗಂಟಲಲ್ಲಿ ಇಳಿಯುವ ಮೊದಲೇ ತಲೆಗೆ ಹೊಳೆಯಿತು: ಇಲ್ಲಿ ನಾನು ಯಾರಿಗೂ ಹುಟ್ಟಿದ ದಿನ ಹೇಳಿಲ್ಲ. ಅದಿರುವುದು ಡೇಟಾಬೇಸಿನಲ್ಲಿ ಮಾತ್ರ, ಎಲ್ಲರ ಸಂಬಳದ ಪಕ್ಕದಲ್ಲೇ.

ಅವನು ಆಗಲೇ ಬಾಗಿಲ ಹತ್ತಿರ ಹೋಗಿದ್ದ.

"ನಿಂತ್ಕೋ" ಅಂದೆ. "ಅದನ್ನ ನೋಡೋಕೆ ನಿನಗೆ ಪರ್ಮಿಷನ್ ಕೊಟ್ಟೋರು ಯಾರು?"