ಅರ್ಧ ಹರವಿ ನೀರು

ನಾನು ಒಂದು ಹರವಿ. ಕುಂಬಾರ ಶಾಂತಪ್ಪ ಕಾಗಿಣಾ ಹೊಳೆದಂಡೆಯ ಮಣ್ಣಿಗೆ ಕುದುರೆ ಲದ್ದಿ ಬೆರೆಸಿ, ತಟ್ಟಿ ನನ್ನನ್ನು ಮಾಡಿದ. ಆವಿಗೆಯಲ್ಲಿ ಎರಡು ದಿನ ಬೆಂದೆ. ಕಾವು ಎಂದರೆ ಇಷ್ಟೇ ಎಂದುಕೊಂಡಿದ್ದೆ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯನ್ನು ಆಗಿನ್ನೂ ನೋಡಿರಲಿಲ್ಲ.

ಖಣಿಯ ಕೂಲಿಗಳ ಮೇಲ್ವಿಚಾರಕ, ಮುಕಾದಮ್ ಭೀಮಶಾ ನನ್ನನ್ನು ಸಂತೆಯಲ್ಲಿ ಕೊಂಡ. ಯಾರೂ ಕದಿಯಬಾರದೆಂದು ಕೊರಳಿಗೆ ಕೆಂಪು ಬಣ್ಣದಲ್ಲಿ ಖಣಿಯ ಹೆಸರು ಬರೆದ. ನನ್ನ ನೀರು ಕುಡಿಯುವವರು ಹನ್ನೆರಡು ಮಂದಿ. ದಿನಕ್ಕೊಮ್ಮೆ, ಬೆಳಿಗ್ಗೆ, ದೂರದಿಂದ ನೀರು ತಂದು ತುಂಬುವವಳು ಜಗದೇವಿ. ಅವಳ ಗಂಡ ಮಲ್ಕಪ್ಪ ಕಲ್ಲು ಎಬ್ಬಿಸುತ್ತಿದ್ದ. "ಈ ಖಣಿಯಾಗ ನೀ ಒಬ್ಬಾಕಿನೇ ತಣ್ಣಗದೀ ನೋಡವ್ವ" ಎಂದು ನನ್ನ ಹೊಟ್ಟೆ ತಟ್ಟುತ್ತಿದ್ದ.

ದೀಪಾವಳಿಯ ಮರುದಿನ ಭೀಮಶಾ ಗಾಡಿ ಹಿಂದಕ್ಕೆ ತೆಗೆಯುವಾಗ ನನಗೆ ಬಡಿಯಿತು. ಹೊಟ್ಟೆಯ ನಡುವೆ ಸೀಳು ಬಿತ್ತು.

"ಅಣ್ಣಾ, ಹೊಸಾ ಹರವಿ ತರ್ರಿ" ಎಂದಳು ಜಗದೇವಿ.

"ಸೀಳಿನ ತನಕ ತುಂಬು, ಸಾಕು. ನೀರ್ ಕುಡಿಲಕ್ಕ ಬಂದೀರೇನು, ಕಲ್ಲ್ ಒಡಿಲಕ್ಕೋ?"

ಚಳಿಗಾಲ ಹೇಗೋ ಕಳೆಯಿತು. ಬೇಸಿಗೆಯಲ್ಲಿ ಹತ್ತು ಗಂಟೆಗೇ ನನ್ನ ತಳ ಒಣಗುತ್ತಿತ್ತು. ಒಂದು ಮಧ್ಯಾಹ್ನ ಮಲ್ಕಪ್ಪನಿಗೆ ಬೆವರೇ ನಿಂತಿತು. ಏನೇನೋ ಬಡಬಡಿಸಿ, ಸುತ್ತಿಗೆಯ ಮೇಲೇ ಬಿದ್ದ. ಯಾರೋ ಓಡಿಬಂದು ನನ್ನೊಳಗೆ ತಂಬಿಗೆ ಹಾಕಿದರು. ಅದು ತಳಕ್ಕೆ ತಾಗಿ ಕರಕರ ಎಂದಿತು.

ಜೀವ ಉಳಿಯಿತು. ಆದರೆ ಕೈ ನಡುಗುತ್ತದೆ, ಒಂದು ಕಾಲು ಎಳೆಯುತ್ತದೆ. ಇನ್ನು ಬಿಸಿಲಿಗೆ ನಿಲ್ಲುವಂತಿಲ್ಲ ಎಂದರು ಡಾಕ್ಟರು. ಅವನು ಬಿದ್ದ ಸಂಜೆಯೇ ಭೀಮಶಾ ಹೊಸ ಹರವಿ ತಂದಿಟ್ಟು ನನ್ನನ್ನು ಕಲ್ಲುಚೂರಿನ ರಾಶಿಗೆ ಎಸೆದಿದ್ದ. ಜಗದೇವಿ ಹುಡುಕಿ ಮನೆಗೆ ತಂದಳು.

ಅವಳು ಕಾರ್ಮಿಕ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದಳು. ಖಣಿ ಮಾಲೀಕನ ಉತ್ತರ ಬಂತು: 'ಕೆಲಸದ ಜಾಗದಲ್ಲಿ ಹರವಿ ಸದಾ ಕಂಠಮಟ್ಟ ತುಂಬಿರುತ್ತಿತ್ತು. ಕುಡಿಯದಿದ್ದುದು ಆತನ ತಪ್ಪು.'

ವಿಚಾರಣೆಯ ದಿನ ಜಗದೇವಿ ನನ್ನನ್ನು ಸೊಂಟದ ಮೇಲಿಟ್ಟುಕೊಂಡೇ ಕಚೇರಿಯ ಮೆಟ್ಟಿಲು ಹತ್ತಿದಳು.

"ಅವತ್ತು ಇದ್ದದ್ದು ಇದೇ ಹರವಿಯಾ?" ಅಧಿಕಾರಿ ಕೇಳಿದರು. ಮಾಲೀಕನ ಪರವಾಗಿ ಬಂದಿದ್ದ ಭೀಮಶಾ ನನ್ನ ಕೊರಳಿನ ಅಕ್ಷರ ನೋಡಿದ. ತನ್ನ ಕೈಬರಹವೇ.

"ಹೌದ್ರಿ."

"ಹಂಗಾರ ಕಂಠಮಟ್ಟ ತುಂಬಸ್ರಿ ಸಾಹೇಬ್ರ" ಎಂದಳು ಜಗದೇವಿ.

ಜವಾನ ನೀರು ಹೊಯ್ದ. ಅರ್ಧದ ತನಕ ಸುಮ್ಮನಿದ್ದೆ. ಆಮೇಲೆ ಸೀಳಿನಿಂದ ನೀರು ಚಿಮ್ಮಿ ಭೀಮಶಾನ ಚಪ್ಪಲಿ ತೋಯಿಸಿತು.

"ಕುಂಬಾರನೇ ಸರಿ ಮಾಡಿಲ್ರಿ!" ಎಂದ ಅವನು.

"ನಿಮ್ಮ ಗಾಡಿ ಬಡದದ್ದು ಖಣಿ ಮಂದಿ ಎಲ್ಲಾ ನೋಡ್ಯಾರ, ಅಣ್ಣಾ. ಹೊರಗೇ ಕುಂತಾರ, ಕರೀಲೇನು?"

ಅಧಿಕಾರಿ ಪೆನ್ನು ತೆಗೆದರು. ಬರೆದುಕೊಂಡರು. ಏಳು ತಿಂಗಳ ಮೇಲೆ ಪರಿಹಾರದ ಆದೇಶ ಬಂತು.

ಈಗ ನಾನು ಮಲ್ಕಪ್ಪನ ಮಂಚದ ಪಕ್ಕ, ಮೂಲೆಯಲ್ಲಿದ್ದೇನೆ. ಜಗದೇವಿ ದಿನಾ ಸೀಳಿನ ತನಕ ತುಂಬುತ್ತಾಳೆ. ಹನ್ನೆರಡು ಮಂದಿಗೆ ಸಾಲದ ನೀರು ಇಬ್ಬರು ಕುಡಿದರೂ ಉಳಿಯುತ್ತದೆ. ಆದರೂ ಮಲ್ಕಪ್ಪ ಪ್ರತಿ ಸಲ ತಂಬಿಗೆ ಅದ್ದುವ ಮೊದಲು ಬಗ್ಗಿ ನೋಡುತ್ತಾನೆ, ನೀರಿದೆಯೋ ಇಲ್ಲವೋ ಎಂದು.