ಕರಡಿಗೆ ಬಿಚ್ಚಿದ ದಿನ

ನನ್ನ ಹೆಂಡತಿ ಕರಿಬಸಮ್ಮನ ಎರಡೂ ಮಂಡಿ ಸವೆದುಹೋಗಿವೆ ಎಂದು ತುಮಕೂರಿನ ಡಾಕ್ಟರು ಎಕ್ಸರೇ ಹಿಡಿದು ತೋರಿಸಿದರು. ಹೃದಯ ಗಟ್ಟಿಯಾಗಿದೆ, ಎರಡನ್ನೂ ಒಟ್ಟಿಗೆ ಬದಲಾಯಿಸಬಹುದು. ಆದರೆ ರಕ್ತ ಹೆಚ್ಚು ಹೋಗುತ್ತದೆ, ಕೆಲವು ವಾರ ಊರಿಕೊಳ್ಳಲು ಒಂದು ಒಳ್ಳೆಯ ಕಾಲೂ ಇರುವುದಿಲ್ಲ. ಇಲ್ಲವೆಂದರೆ ಈಗ ಒಂದು, ಕೆಲವು ತಿಂಗಳಾದ ಮೇಲೆ ಇನ್ನೊಂದು. ಯೋಚನೆ ಮಾಡಿ ಹೇಳಿ ಎಂದರು.

ಯೋಚನೆ ಮಾಡುವವರಿಗೆ ಬರವೇ? ಕುಣಿಗಲ್ಲಿನಿಂದ ಅವಳ ತಂಗಿ ಫೋನಿನಲ್ಲೇ ಗದರಿ, ಒಂದೊಂದೇ ಮಾಡಿಸು ಎಂದಳು. ಗುಬ್ಬಿಯ ನನ್ನ ಕೊಬ್ಬರಿ ಅಂಗಡಿಗೆ ಬಂದವರೆಲ್ಲ ಕೊಬ್ಬರಿ ಬಿಟ್ಟು ಮಂಡಿಯ ಮಾತೇ ಆಡಿದರು. ನನಗೂ ಒಂದೊಂದೇ ಸರಿ ಅನಿಸಿತ್ತು. ಅವಳಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯ. ಹುಲಿಯೂರುದುರ್ಗದ ಬೆಟ್ಟವನ್ನು ಓಡಿಕೊಂಡೇ ಹತ್ತುತ್ತಿದ್ದ ಹುಡುಗಿ ಈಗ ಬಚ್ಚಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದಳು. ಆದರೂ ತುಟಿ ಬಿಚ್ಚಲಿಲ್ಲ. ನೋವಿಗೆ ಹೆದರಿದ್ದಾಳೆ ಎಂದುಕೊಂಡೆ. ನನ್ನ ಬುದ್ಧಿಗೆ ಹೊಳೆದದ್ದು ಅಷ್ಟೇ.

ಮತ್ತೆ ಹೋದಾಗ ಅವಳು ಡಾಕ್ಟರನ್ನು ಕೇಳಿದ್ದು ಒಂದೇ ಪ್ರಶ್ನೆ. ಕತ್ತಿನಲ್ಲಿರುವುದನ್ನು ಹಾಕಿಕೊಂಡೇ ಆಪರೇಷನ್ ಕೋಣೆಗೆ ಹೋಗಬಹುದೇ ಎಂದು. ತಾಳಿ, ಬಳೆ, ದಾರ, ಏನೂ ಇರಕೂಡದು ಎಂದರು ಅವರು. ಅವಳ ಕೈ ಸೆರಗಿನೊಳಗಿನ ಬೆಳ್ಳಿ ಕರಡಿಗೆಗೆ ಹೋಯಿತು. ಅದರೊಳಗೆ ಅವಳ ಇಷ್ಟಲಿಂಗ. ಚಿಕ್ಕಂದಿನಲ್ಲಿ ಗುರುಗಳು ಕಟ್ಟಿದ್ದು, ಹೆರಿಗೆಯಲ್ಲೂ ಮೈಬಿಟ್ಟು ಇಳಿದಿರಲಿಲ್ಲ.

"ಎರಡೂ ಒಟ್ಟಿಗೇ ಮಾಡ್ಬುಡಿ," ಎಂದಳು.

ಹೊರಗೆ ಬಂದದ್ದೇ ನಾನು ಸಿಡುಕಿದೆ. ಯಾರನ್ನು ಕೇಳಿ ಒಪ್ಪಿಕೊಂಡೆ ಎಂದು ರೇಗಿದೆ.

"ಒಂದೊಂದೇ ಅಂದ್ರೆ ಎರಡ್ ಸಲ ಬಿಚ್ಬೇಕು ಕಣ್ರೀ. ಒಂದ್ಸಲಕ್ಕೇ ಜೀವ ಹೋದಂಗಾಯ್ತದೆ. ಎರಡ್ ಸಲ ನನ್ ಕೈಲಿ ಆಗಕಿಲ್ಲ."

ಎಲ್ಲರೂ ಮಂಡಿ ಲೆಕ್ಕ ಹಾಕುತ್ತಿದ್ದೆವು, ಇವಳು ಅಗಲಿಕೆಯ ಲೆಕ್ಕ ಹಾಕುತ್ತಿದ್ದಳು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿದ ಹೆಂಗಸನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಹೊಸದಾಗಿ ನೋಡಿದೆ, ಬೆರಗಾಗಿ ನೋಡಿದೆ.

ಆಪರೇಷನ್ನಿನ ಬೆಳಿಗ್ಗೆ ಮಂಚದ ಮೇಲೇ ಪೂಜೆ ಮುಗಿಸಿ ಕೊರಳಿಂದ ಕರಡಿಗೆಯನ್ನು ಬಿಚ್ಚಿದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ಪದ್ಧತಿ ನಮ್ಮಲ್ಲಿಲ್ಲ, ಗಂಡನಾದರೂ ಅಷ್ಟೇ. ಆದರೂ ಕರಡಿಗೆಯನ್ನು ಅವಳು ನನ್ನ ಅಂಗೈಯಲ್ಲಿಟ್ಟಳು.

"ಕೆಳಗಿಡಬ್ಯಾಡಿ," ಎಂದಳು. ಗಾಲಿಮಂಚ ಒಳಗೆ ಹೋಯಿತು.

ಕರಡಿಗೆಯಲ್ಲಿ ಇನ್ನೂ ಅವಳ ಮೈಯ ಬಿಸಿ ಇತ್ತು. ಅದು ಆರದಿರಲಿ ಎಂದು ಇನ್ನೊಂದು ಕೈಯನ್ನು ಮೇಲೆ ಮುಚ್ಚಿದೆ. ಜೇಬಿನಲ್ಲಿ ಫೋನು ಬಡಿದುಕೊಂಡಿತು, ತೆಗೆಯಲಿಲ್ಲ. ಯಾರೋ ಕಾಫಿ ತಂದರು, ಬೇಡವೆಂದೆ. ಅಂಗಡಿಯಲ್ಲಿ ಮೂಟೆ ಎತ್ತಿ ಪಳಗಿದ ಕೈ ಆ ಪುಟ್ಟ ಬೆಳ್ಳಿಯ ಭಾರಕ್ಕೆ ಜೋಮು ಹಿಡಿಯಿತು. ಆದರೂ ಬೆಂಚಿನ ಮೇಲಿಡುವ ಧೈರ್ಯ ಬರಲಿಲ್ಲ.

ಸಂಜೆ ನನ್ನನ್ನು ಒಳಗೆ ಬಿಟ್ಟರು. ಕಣ್ಣು ಬಿಟ್ಟವಳು ಬಟ್ಟೆ ಸುತ್ತಿದ ಮಂಡಿಗಳ ಕಡೆ ನೋಡಲೇ ಇಲ್ಲ. ನನ್ನ ಕೈ ನೋಡಿದಳು. ಆಮೇಲೆ ದಿಂಬಿನಿಂದ ತಲೆ ಎತ್ತಿ ಕತ್ತು ಚಾಚಿದಳು. ಕರಡಿಗೆಯನ್ನು ನಾನೇ ಕಟ್ಟಿದೆ. ಗಂಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದೆ.