ಉತ್ತರದ ಬಾಗಿಲ ಕಾವಲುಗಾರ

ತನ್ನ ಕಣ್ಣೇ ತಪ್ಪಿತೇ? ಅಥವಾ ಕಾವಲುಗಾರ ಬರುವುದು ಐದನೇ ಭಾಗದಲ್ಲೋ? ಅಕ್ಕ ಹೇಳಿದ್ದು ನಾಲ್ಕನೆಯದೆಂದೇ. ಹಿಮದ ಕಾಳಗ ಮುಗಿದು ಎಲ್ಲರೂ ಅರಮನೆಯೊಳಗೆ ನಗುತ್ತಿರುವಾಗ, ಉತ್ತರದ ಬಾಗಿಲ ಕಾವಲುಗಾರ ಹೊರಗೆ ಒಬ್ಬನೇ ಕುಳಿತು ಬೇರೆಯವರ ಕತ್ತಿ ಉಜ್ಜುತ್ತಾನೆ ಎಂದು ಅವಳು ಎಷ್ಟು ಸಲ ಹೇಳಿಲ್ಲ? ಕಾಳಗ ಮುಗಿಯಿತು. ಅರಮನೆ ಬಂತು, ನಗು ಬಂತು. ಕಾವಲುಗಾರ ಮಾತ್ರ ಬರಲಿಲ್ಲ.

ಹಲ್ಲಿನವನು ಫೋನನ್ನು ಪ್ಲಾಸ್ಟರಿನ ದವಡೆಗೆ ಒರಗಿಸಿ, ಸಿನಿಮಾದ ದೃಶ್ಯವನ್ನು ಮತ್ತೆ ಹಿಂದಕ್ಕೆ ಎಳೆದ.

ಬೀದಿಯವರಿಗೆಲ್ಲ ಅವನು ‘ಹಲ್ಲಿನವನು’. ಡಾಕ್ಟರುಗಳು ಕಳಿಸುವ ಅಚ್ಚು ನೋಡಿ ಹಲ್ಲುಸೆಟ್ಟು ಮಾಡುವುದು ಅವನ ಕೆಲಸ. ಇಪ್ಪತ್ತು ವರ್ಷವಾಯಿತು. ಊರಿನ ಅರ್ಧ ಮುದುಕರು ಅವನು ಉಜ್ಜಿ ನುಣುಪು ಮಾಡಿದ ಹಲ್ಲಿನಲ್ಲೇ ನಗುತ್ತಾರೆ, ಎದುರಿಗೆ ಸಿಕ್ಕರೆ ಅವನಿಗೆ ಅವರ ಗುರುತಿಲ್ಲ, ಅವರಿಗೆ ಅವನದಿಲ್ಲ.

ಅಮ್ಮ ಹೋದ ಮೇಲೆ ಬೇರೆ ಊರಿನಲ್ಲಿದ್ದ ಅಕ್ಕನೊಂದಿಗೆ ಮಾತಾಡಲು ವಿಷಯವೇ ಉಳಿದಿರಲಿಲ್ಲ. ಒಂದು ಭಾನುವಾರ ಫೋನಿನಲ್ಲಿ ಅವಳು, “‘ನೀಲಿ ಕಣಿವೆ’ ಸಿನಿಮಾ ನೋಡಿದ್ಯೇನೋ?” ಎಂದಳು. ಮೌನಕ್ಕೆ ಹೆದರಿ ಇವನು, “ಹೂಂ, ನೋಡ್ದೆ” ಎಂದುಬಿಟ್ಟ. ಅಷ್ಟೇ. ಆ ಒಂದು ಸುಳ್ಳು ಮೂರು ವರ್ಷ ಬದುಕಿತು. ಪ್ರತಿ ಭಾನುವಾರ ಅವಳು ಕಣಿವೆಯ ರಾಣಿ, ಡ್ರ್ಯಾಗನ್, ಶಾಪ ಎಂದು ಕಥೆ ಬಿಚ್ಚುವಳು. ಇವನು ಗೋಡೆ ನೋಡುತ್ತ ಹೂಂಗುಟ್ಟುವನು.

“ಆ ಕಾವಲುಗಾರ ಪಾಪ ಕಣೋ. ಯಾರು ಮಾತಾಡಿಸಿದ್ರೂ ‘ಹೂಂ’ ಅಂತಾನೆ, ಅಷ್ಟೇ.”

“ಹೂಂ. ಒಳ್ಳೇ ಪಾತ್ರ.”

ಕಳೆದ ಭಾನುವಾರ ಮಾತ್ರ ಅವಳು ಬೇರೆಯದೇ ಮಾತು ತೆಗೆದಳು. “ಏಳನೇ ಭಾಗ ಬಂದಿದೆ, ಅದೇ ಕೊನೇದು. ಶನಿವಾರ ಬರ್ತೀನಿ, ಇಬ್ರೂ ಕೂತು ನೋಡೋಣ. ಟಿಕೆಟ್ ತೆಗೆದಿಡು.”

ಸುಳ್ಳು ಬಯಲಾದರೆ? ಅವನ ಫೋನು ವಾರಕ್ಕೊಮ್ಮೆ ಮೊಳಗುವುದೇ ಅವಳಿಂದ. ಅದೂ ನಿಂತರೆ? ಪಕ್ಕದ ಮೇಜಿನಲ್ಲಿ ಮೇಣದ ಮೇಲೆ ಹಲ್ಲು ಜೋಡಿಸುವ ‘ಮೇಣದಮ್ಮ’ನಿಂದ ಆರೂ ಭಾಗಗಳನ್ನು ಫೋನಿಗೆ ಹಾಕಿಸಿಕೊಂಡ.

ಮೊದಲನೆಯದನ್ನು ಪರೀಕ್ಷೆಗೆ ಓದಿದಂತೆ ನೋಡಿದ. ಎರಡನೆಯದಕ್ಕೆ ಊಟ ಮರೆತ. ಮೂರನೆಯದರಲ್ಲಿ ರಾಣಿ ತನ್ನ ಕುರುಡು ಕುದುರೆಯನ್ನು ಬಿಟ್ಟು ಹೊರಟಾಗ, ಯಾರದೋ ಮೇಲ್ದವಡೆಯ ಅಚ್ಚಿನ ಮೇಲೆ ಅವನ ಕಣ್ಣೀರು ತೊಟ್ಟಿಕ್ಕಿತು. ಇಂಥದ್ದೊಂದು ಲೋಕಕ್ಕೆ ಮೂರು ವರ್ಷ ಬೆನ್ನು ಹಾಕಿ ಕುಳಿತಿದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

“ಏನ್ ಸಾರ್, ಡ್ರ್ಯಾಗನ್ನಿಗೂ ಸೆಟ್ಟು ಆರ್ಡರ್ ಬಂತಾ?” ಎಂದಳು ಮೇಣದಮ್ಮ.

“ಅದರ ಬಾಯಿ ನೋಡು. ಮಾಂಸ ತಿನ್ನೋ ಪ್ರಾಣಿಗೆ ಹಸುವಿನ ಹಲ್ಲು ಕೂರ್ಸಿದಾರೆ. ಯಾವನೋ ಕೆಲಸಗಳ್ಳ.” ಆಮೇಲೆ ಸುಮ್ಮನೆ ಕೇಳುವವನಂತೆ ಕೇಳಿದ, “ಉತ್ತರದ ಬಾಗಿಲ ಕಾವಲುಗಾರ ಯಾವ ಭಾಗದಲ್ಲಿ ಬರ್ತಾನೆ?”

“ಯಾರವನು? ಆ ಕೋಟೆಗೆ ಉತ್ತರದಲ್ಲಿ ಬಾಗಿಲೇ ಇಲ್ವಲ್ಲ ಸಾರ್, ಬರೀ ಪ್ರಪಾತ. ಒಂದೊಂದನ್ನೂ ಹತ್ತು ಸಲ ನೋಡಿದೀನಿ, ನನ್ನನ್ನೇ ಯಾಮಾರಿಸ್ತೀರಾ?”

ಅವನ ಕೈಯಲ್ಲಿದ್ದ ಉಜ್ಜುವ ಯಂತ್ರ ನಿಂತಿತು. ಹೊರಗೆ ಒಬ್ಬನೇ ಕುಳಿತು ಬೇರೆಯವರದನ್ನು ಉಜ್ಜುವವನು. ಹೂಂ ಎಂದಷ್ಟೇ ಹೇಳುವವನು. ಹಾಗಾದರೆ ತನ್ನ ಸುಳ್ಳು ಅಕ್ಕನಿಗೆ ಯಾವಾಗಿನಿಂದ ಗೊತ್ತು? ಮೊದಲ ತಿಂಗಳಿಂದಲೇ? ಸಿನಿಮಾದ ನಡುವೆ ಅವನನ್ನೇ ಕೂರಿಸಿ, ಅವನ ಸುದ್ದಿಯನ್ನು ಅವನಿಗೇ ಹೇಳಿದ್ದಳು. ಅವನು ‘ಒಳ್ಳೇ ಪಾತ್ರ’ ಎಂದಿದ್ದ.

ಶನಿವಾರ ಮಧ್ಯಾಹ್ನದ ಆಟ. ಅಕ್ಕನ ಕೂದಲು ಅವನು ನೆನೆದಿದ್ದಕ್ಕಿಂತ ಹೆಚ್ಚು ನೆರೆತಿತ್ತು. ಇಂಟರ್‌ವಲ್‌ನಲ್ಲಿ ಪಾಪ್‌ಕಾರ್ನಿನ ಪೊಟ್ಟಣದೊಳಗೇ ಕಣ್ಣಿಟ್ಟು ಕೇಳಿದಳು:

“ಏನೋ, ನಮ್ಮ ಕಾವಲುಗಾರನ ಪತ್ತೇನೇ ಇಲ್ಲ?”

ಮಾತು ನಾಲಿಗೆಯ ತುದಿಗೆ ಬಂತು. ಹೇಳಿದರೆ ಇಬ್ಬರೂ ನಗಬಹುದಿತ್ತು. ಅಳಲೂಬಹುದಿತ್ತು. ಆದರೆ ಮುಂದಿನ ಭಾನುವಾರ?

“ಇರಕ್ಕ, ಕೊನೇಲಿ ಬರ್ತಾನೆ.”

“ಹೂಂ,” ಎಂದಳು ಅಕ್ಕ.

ಸಿನಿಮಾ ಮುಗಿದು, ಪರದೆಯ ಮೇಲೆ ಕಟ್ಟಕಡೆಯ ಹೆಸರು ಸರಿದುಹೋಗುವವರೆಗೂ ಇಬ್ಬರೂ ಏಳಲಿಲ್ಲ. ಬಸ್ಸು ಹತ್ತುವ ಮುಂಚೆ ಅಕ್ಕ ಅವನ ಶರಟಿನ ತೋಳಿಗೆ ಮೆತ್ತಿದ್ದ ಪ್ಲಾಸ್ಟರಿನ ಪುಡಿ ಕೊಡವಿದಳು.

“ಕೊನೇಲಿ ಬಂದ ಅಲ್ವೇನೋ? ಜನ ಎಲ್ಲ ಕಣಿವೆಗೆ ಇಳೀತಿದ್ರಲ್ಲ, ಅವರ ಹಿಂದೆ.”

“ಹೂಂ, ನೋಡ್ದೆ.”

ಬಸ್ಸು ಹೊರಟಿತು. ಭಾನುವಾರ ಫೋನು ಬಂತು, ಅದರ ಮುಂದಿನ ಭಾನುವಾರವೂ ಬಂತು. ಆ ಕೋಟೆಗೆ ಉತ್ತರದಲ್ಲಿ ಬಾಗಿಲೇ ಇಲ್ಲವೆಂದು ತನಗೆ ಗೊತ್ತಿದೆ ಎಂಬುದನ್ನು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.